ಮುಳುಗುವುದಕ್ಕೊಂದು ಅರ್ಜಿ

ನಮ್ಮ ಪಡಸಾಲೆಯ ಗೂಟಕ್ಕೆ ಒಂದೂವರೆ ತಿಂಗಳಿಂದ ಒಂದು ಕನ್ನಡಕ ನೇತಾಡುತ್ತಿದೆ. ನೀವು ತಿಳಿದುಕೊಂಡಂಥ ಕನ್ನಡಕವಲ್ಲ. ಹಣೆಯಿಂದ ಮೇಲ್ತುಟಿಯವರೆಗೆ, ಮೂಗನ್ನೂ ಒಳಗೆ ಸೇರಿಸಿಕೊಂಡು ಮುಖಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುವ ರಬ್ಬರಿನ ಕನ್ನಡಕ. ಅದರ ಮಗ್ಗುಲಿಗೆ, ಬಾಯಲ್ಲಿ ಹಿಡಿದು ಉಸಿರಾಡುವ ಒಂದು ನಳಿಗೆ. ಆ ಗೂಟ ಮೊದಲು ನನ್ನ ಛತ್ರಿಯದು. ಈಗ ಛತ್ರಿ ಕಿಟಕಿಗೆ ವರ್ಗವಾಗಿದೆ. ಬೆಳಿಗ್ಗೆ ಎದ್ದು ಕಣ್ಣು ತಿಕ್ಕಿಕೊಳ್ಳುತ್ತ ಹೊರಗೆ ಬಂದರೆ ಮೊದಲು ಕಾಣುವುದೇ ಅದು. ಕಂಡ ಕೂಡಲೇ ಅದಕ್ಕೆ ಬೆನ್ನು ಹಾಕಿ ಕೂತು ಚಹಾ ಕುಡಿಯುತ್ತೇನೆ.

ಅದು ನನ್ನ ಹೆಂಡತಿ ಗಿರಿಜಾಳದು. ನನ್ನ ಅಳತೆಯದು ಇನ್ನೂ ಡಬ್ಬಿಯಲ್ಲೇ ಇದೆ; ನಾನು ತೆಗೆದು ನೋಡಿಲ್ಲ. ಬರುವ ತಿಂಗಳು ನಾವಿಬ್ಬರೂ ಗಜೇಂದ್ರಗಡದಿಂದ ಹೊರಟು, ಮೂರು ವಿಮಾನ ಬದಲಿಸಿ, ವೆಸ್ಟ್ ಇಂಡೀಸಿನ ಬಾರ್ಬಡೋಸ್ ಎಂಬ ದ್ವೀಪ ಮುಟ್ಟಿ, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯಬೇಕೆಂದು ಠರಾವಾಗಿತ್ತು.

ನಮ್ಮದು ಸೀರೆ, ಖಣದ ಅಂಗಡಿ. ಅಜ್ಜ ಹಾಕಿದರು, ಅಪ್ಪ ನಡೆಸಿದರು, ನಾನು ಕೂತೆ. ಮೂವತ್ತು ವರ್ಷ ಒಂದೇ ಗಾದಿಯ ಮೇಲೆ, ಒಂದೇ ಗೋಡೆಗೆ ಒರಗಿ ಕೂತು, ಗೋಡೆಯ ಮೇಲೆ ನನ್ನ ತಲೆಯ ಎಣ್ಣೆಯ ಕಲೆ ಖಾಯಂ ಆಗಿದೆ. ಇಂಥವನು ಸಮುದ್ರಕ್ಕೆ ಇಳಿಯುತ್ತಾನೆಂಬ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಮಗಳ ಮದುವೆಗೆ ಜವಳಿ ತೆಗೆಯಲು ಸವಡಿಯಿಂದ ಬಂದ ಹಿರಿಯರೊಬ್ಬರು ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದೇ ವಿಚಾರಣೆ ಶುರು ಮಾಡಿದರು.

“ಸಾವಕಾರ್ರ, ಖರೇ ಏನ್ರಿ? ರೊಕ್ಕಾ ಕೊಟ್ಟ ಮುಳಗಾಕ ಹೊಂಟೀರಂತ?”

“ಹೌದ್ರಿ.”

“ಮತ್ತ ಮ್ಯಾಲ ಬರೂದಕ್ಕ ಬ್ಯಾರೆ ರೊಕ್ಕಾನೋ, ಅದರಾಗ ಬರತೈತೋ?”

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಎರಡು ಸೀರೆಗಳನ್ನು ಒಳಮೈ ಹೊರಗೆ ಮಾಡಿ ಮಡಿಸಿಟ್ಟೆನೆಂದು ಸಂಜೆ ಗೊತ್ತಾಯಿತು.

ಇದಕ್ಕೆಲ್ಲ ಕಾರಣ ವೀಣಾ. ಗಿರಿಜಾಳ ತಮ್ಮನ ಮಗಳು, ಹೊಳೆಆಲೂರಿನ ಹುಡುಗಿ. ಡಾಕ್ಟರಿಕೆ ಓದಲು ಇಲ್ಲಿ ಸೀಟು ಸಿಗದೆ ಆ ದ್ವೀಪಕ್ಕೆ ಹೋದಳು. ಓದು ಮುಗಿಯುವ ಹೊತ್ತಿಗೆ ಅತ್ತೆ ಮಾಮಾ ಇಬ್ಬರೂ ಬರಲೇಬೇಕೆಂದು ಹಟ ಹಿಡಿದಳು. ಬಾರ್ಬಡೋಸ್ ಎಂದರೆ ನನಗೆ ಸಣ್ಣವನಿದ್ದಾಗಿನಿಂದ ಗೊತ್ತಿದ್ದದ್ದು ಒಂದೇ ಸಂಗತಿ: ನಮ್ಮ ಬ್ಯಾಟುಗಾರರ ಪಕ್ಕೆಲುಬಿಗೆ ಗುರಿಯಿಟ್ಟು ಚೆಂಡೆಸೆಯುವ ಎತ್ತರದ ಜನ ಅಲ್ಲಿ ಹುಟ್ಟುತ್ತಾರೆ. ರೇಡಿಯೋದಲ್ಲಿ ಆ ಹೆಸರು ಕೇಳಿದರೆ ಆಗಲೂ ಎದೆ ಡವಡವ ಎನ್ನುತ್ತಿತ್ತು. ನಲವತ್ತು ವರ್ಷದ ಮೇಲೆ ಅದೇ ಹೆಸರು ಅದೇ ಕೆಲಸ ಮಾಡುತ್ತಿದೆ.

ವೀಣಾ ಮೊಬೈಲಿನಲ್ಲಿ ಒಂದು ವಿಡಿಯೋ ಕಳಿಸಿದ್ದಳು. ನೀಲಿ ನೀರು, ಅದರಡಿ ಮುಳುಗಿ ಹೋದ ಒಂದು ಹಡಗು, ಹಡಗಿನ ಕಿಟಕಿಯೊಳಗಿಂದ ಹೊರಗೆ ಬರುವ ಹಳದಿ ಮೀನು, ಮತ್ತು ಯಾರ ಹಂಗೂ ಇಲ್ಲದೆ ಸಾವಕಾಶ ಹಾಯ್ದು ಹೋಗುವ ಒಂದು ಆಮೆ. ಗಿರಿಜಾ ಅದನ್ನು ಕಾಯಿಪಲ್ಯೆ ಹೆಚ್ಚುವುದು ಬಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಈಳಿಗೆಮಣೆ ಆಚೆ ಸರಿಸಿ, “ನಾ ಇಳೀತೇನಿ” ಎಂದಳು.

ಆಕೆಯ ಈ ಆಸೆ ನನಗೆ ಅರ್ಥವಾಗುವುದಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮಲಪ್ರಭೆಯ ದಂಡೆಯಲ್ಲಿ ಬೆಳೆದವಳು. ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಹಸಿರಾಗಿ ಕಾಣುತ್ತಿತ್ತು, ಹೊಳೆ ದಾಟುವ ಎಮ್ಮೆಗಳ ಕಾಲು ಮಾತ್ರ ನಡೆದು ಬಂದಂತೆ ಕಾಣುತ್ತಿದ್ದವು ಎಂದು ಮದುವೆಯಾದ ಹೊಸತರಲ್ಲಿ ಹೇಳುತ್ತಿದ್ದಳು. ಅಂಥವಳನ್ನು ತಂದು ನಾನು ಗುಡ್ಡದ ಬುಡದ ಊರಿನಲ್ಲಿ, ಎಂಟು ಹತ್ತು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಇಟ್ಟೆ. ಇಲ್ಲಿ ಬಂದ ಮೇಲೆ ಆಕೆ ನೀರನ್ನು ಕಂಡದ್ದು ಕೊಡದಲ್ಲಿ, ಕೊಳಗದಲ್ಲಿ, ಅಂಗಳದ ಹೌದಿನ ತೊಟ್ಟಿಯಲ್ಲಿ. ಅಕ್ಕಿ ತೊಳೆದ ನೀರು ತುಳಸಿಗೆ, ತರಕಾರಿ ತೊಳೆದದ್ದು ಕರಿಬೇವಿಗೆ. ಸೊಸೆಯಾದವಳು ಬಾವಿಗೆ ಧುಮುಕಿ ಈಸುವುದು ನಮ್ಮ ಕಡೆ ಇಲ್ಲ. ಆಕೆ ಕೇಳಲೂ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ತನಗಾಗಿ ಒಂದನ್ನು ಕೇಳಿದ್ದಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಟಿಕೆಟ್ ಆಯಿತು, ಪಾಸ್‌ಪೋರ್ಟ್ ಬಂತು. ಗಿರಿಜಾ ಅಭ್ಯಾಸಕ್ಕೆ ನಿಂತಳು. ಬಚ್ಚಲಿನ ದೊಡ್ಡ ಕೊಳಗದಲ್ಲಿ ನೀರು ತುಂಬಿ, ಆ ಕನ್ನಡಕ ಹಾಕಿಕೊಂಡು ಮುಖ ಮುಳುಗಿಸಿ, ಮೊಬೈಲಿನಲ್ಲಿ ಗಡಿಯಾರ ಹಚ್ಚಿಡುತ್ತಿದ್ದಳು. ನಾನು ಹೊರಗೆ ನಿಂತು ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ. ಅರ್ಧ ನಿಮಿಷವಾದರೆ ಸಾಕು, “ಅದೀಯೇನ?” ಎಂದು ಕೂಗುತ್ತಿದ್ದೆ. ಒಳಗಿಂದ ಗುಳುಗುಳು ಸಪ್ಪಳದೊಂದಿಗೆ ಬೈಗುಳ ಬರುತ್ತಿತ್ತು. ಅಭ್ಯಾಸದ ನೀರನ್ನು ಚೆಲ್ಲಬಾರದೆಂದು ನಾನು ಅದರಲ್ಲೇ ಸ್ನಾನ ಮಾಡುತ್ತಿದ್ದೆ. ನನ್ನ ಅಭ್ಯಾಸ ಅಷ್ಟೇ.

ಅಷ್ಟರಲ್ಲಿ ಅರ್ಜಿ ಬಂತು. ಮುಳುಗುವುದಕ್ಕೂ ಅರ್ಜಿ ಹಾಕಬೇಕೆಂಬುದು ನನಗೆ ಗೊತ್ತಿರಲಿಲ್ಲ. ಮೂರು ದಿನ ಕಲಿಸಿ ನಾಲ್ಕನೆಯ ದಿನ ಸಮುದ್ರಕ್ಕೆ ಇಳಿಸುವ ಶಾಲೆಯ ಅರ್ಜಿ ಅದು. ಉಬ್ಬಸ ಇದೆಯೇ, ಕಿವಿ ಸೋರುತ್ತದೆಯೇ, ಎದೆನೋವೇ, ತಲೆಸುತ್ತೇ ಎಂದು ಕೇಳುತ್ತ ಕೇಳುತ್ತ ಎರಡನೆಯ ಹಾಳೆಯ ಕೊನೆಗೆ ಬಂದು, ಈಜು ಬರುತ್ತದೆಯೇ ಎಂದು ಕೇಳಿತ್ತು. ಬರುತ್ತದಾದರೆ ಇನ್ನೂರು ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ಕೈಕಾಲು ಊರದೆ ತೇಲಬೇಕು. ಗಿರಿಜಾ ತನ್ನ ಹಾಳೆಯಲ್ಲಿ ಹೌದು ಎಂದು ಬರೆದು, ನನ್ನದರಲ್ಲೂ ಹೌದು ಎಂದು ಬರೆದು ಪೆನ್ನನ್ನು ನನ್ನ ಕಡೆ ಚಾಚಿದಳು. ನಾನು ಸಹಿ ಮಾಡಲಿಲ್ಲ. ಮೊದಲು ಡಾಕ್ಟರ್ ನೋಡಲಿ ಎಂದೆ.

ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ? ನಾನು ರೋಣದ ಡಾಕ್ಟರ ಹತ್ತಿರ ಹೋದದ್ದು ಫೇಲಾಗಿ ಬರಲಿಕ್ಕೆ. ಹಿಂದಿನ ದಿನ ಊಟಕ್ಕೆ ನಾಲ್ಕು ಹಪ್ಪಳ, ಎರಡು ಸಲ ಉಪ್ಪಿನಕಾಯಿ ಹಾಕಿಸಿಕೊಂಡಿದ್ದೆ. ರಕ್ತದೊತ್ತಡ ಸ್ವಲ್ಪ ಏರಿದರೆ ನನ್ನ ಮಾನ ಉಳಿಯುತ್ತಿತ್ತು. ಡಾಕ್ಟರು ಕಿವಿಗೆ ದೀಪ ಹಿಡಿದು ನೋಡಿದರು, ಎದೆಗೆ ನಳಿಗೆಯಿಟ್ಟು ನೋಡಿದರು, ಎರಡು ಸಲ ತೋಳಿಗೆ ಪಟ್ಟಿ ಬಿಗಿದರು. ಆಮೇಲೆ ಅರ್ಜಿಯನ್ನು ತಿರುವಿ ಹಾಕಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಮುಳಗಿದವರನ್ನ ಉಳಿಸೂದು ನಮ್ಮ ಕೆಲಸ ಆಗಿತ್ತರಿ. ಇವರು ಮುಳಗಾಕ ಲಾಯಕ್ ಅದಾರ ಅಂತ ಬರಕೊಡೂದು ಇದ ಮೊದಲ.”

“ಏನರ ಕಂಡೈತೇನ್ರಿ? ಎದಿ ಒಮ್ಮೊಮ್ಮೆ ಭಾಳ ಹೊಡಕೋತೈತ್ರಿ,” ಎಂದೆ ಆಸೆಯಿಂದ.

“ಏನೂ ಇಲ್ಲ. ಎತ್ತಿನಂಗ ಗಟ್ಟಿ ಅದೀರಿ. ಹೋಗಿ ಬರ್ರಿ,” ಎಂದು ಸಹಿ ಮಾಡಿಬಿಟ್ಟರು.

ಐವತ್ತನಾಲ್ಕು ವರ್ಷ ನಾನು ಸಾಕಿದ ದೇಹ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಬರುವವರೆಗೂ ಆ ಸಹಿಯನ್ನೇ ನೋಡುತ್ತ ಕೂತೆ.

ನನಗೆ ಈಸು ಬರುವುದಿಲ್ಲ. ಇದು ಆಗ ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತಿದ್ದ ಸಂಗತಿ.

ಹೊಳೆಆಲೂರಿಗೆ ನಾನು ಕನ್ಯೆ ನೋಡಲು ಹೋದ ದಿನ ಹೊಲ ಎಷ್ಟು, ಅಂಗಡಿ ಹೇಗೆ ಎಂದು ಯಾರೂ ಕೇಳಲಿಲ್ಲ; ಅದೆಲ್ಲ ಮೊದಲೇ ತಿಳಿದುಕೊಂಡಿದ್ದರು. ಅವಲಕ್ಕಿ ತಿಂದು ಚಹಾಕ್ಕೆ ಕಾಯುತ್ತಿದ್ದಾಗ ಗಿರಿಜಾಳ ಅಜ್ಜಿ ಒಳಗಿಂದ ಬಂದು ನನ್ನೆದುರು ಕೂತರು. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು. ಆಯಿಯ ಹಿರಿಯ ಅಳಿಯ ಒಂದು ವರ್ಷ ಹೊಳೆ ಉಕ್ಕಿ ಬಂದಾಗ ಎತ್ತು ಬಿಡಿಸಲು ನೀರಿಗಿಳಿದು ಮರಳಿ ಬಂದಿರಲಿಲ್ಲ. ಹೊಳೆ ಕಾಣದ ಮೇಲಿನ ಊರಿನವನು, ಈಸು ತಿಳಿಯದವನು. ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ಬಿದ್ದಿತ್ತು. ಹೆಣ್ಣು ಕೇಳಲು ಬಂದ ಯಾವ ಗಂಡಿಗೂ ಆಯಿಯ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ.

“ತಮ್ಮಾ, ಈಸಾಕ ಬರತೈತೇನಪಾ?”

ಗುಡ್ಡದ ಊರಿಗೆ ಹೆಣ್ಣು ಕೊಡುವವರಿಗೆ ಇದು ಯಾಕೆ ಬೇಕು ಎಂದು ನಾನು ಕೇಳಬಹುದಿತ್ತು. ಆದರೆ ಬಾಗಿಲ ಮರೆಯಲ್ಲಿ ಒಂದು ಹಸಿರು ಸೀರೆಯ ಅಂಚು, ಅದರ ಕೆಳಗೆ ಒಂದು ಪಾದ ಕಾಣುತ್ತಿತ್ತು. ಇಲ್ಲ ಎಂದರೆ ಆ ಪಾದ ಒಳಗೆ ಸರಿದುಬಿಡುತ್ತದೆ ಅನ್ನಿಸಿತು.

“ಬರತೈತ್ರಿ. ಲಕ್ಕಲಕಟ್ಟಿ ಬಾವ್ಯಾಗ ಕಲತೇನಿ,” ಎಂದೆ.

“ಹಂಗಾರ ಚಲೋ ಆತು,” ಎಂದು ಆಯಿ ಎದ್ದು ಹೋದರು. ಚಹಾ ಬಂತು. ಅದರ ಹಿಂದೆ ಆ ಪಾದವೂ ಬಂತು.

ಲಕ್ಕಲಕಟ್ಟಿಯ ಬಾವಿ ಮಾತ್ರ ಖರೇ. ಅಲ್ಲಿ ನಮ್ಮ ದೊಡ್ಡಪ್ಪನ ಹೊಲ, ಹೊಲದಲ್ಲಿ ಮೆಟ್ಟಿಲಿನ ಬಾವಿ. ಶಾಲೆಯ ಸೂಟಿಯಲ್ಲಿ ಅಣ್ಣ ತಮ್ಮಂದಿರೆಲ್ಲ ಅಲ್ಲೇ ಈಸು ಕಲಿತರು. ಹೊಸಬರ ಬೆನ್ನಿಗೆ ಒಣಗಿದ ಸೋರೆಯ ಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ನನಗೆ ಒಂಬತ್ತು ವರ್ಷವಾದಾಗ ದೊಡ್ಡಪ್ಪನ ಮಗ ಮಲ್ಲಣ್ಣ ನನಗೂ ಬುರುಡೆ ಕಟ್ಟಿದ. ಅವಸರದಲ್ಲಿ ಹಗ್ಗ ಸಡಿಲಾಗಿ ಅದು ಸೊಂಟದ ಕೆಳಗೆ ಜಾರಿತ್ತು. ಧುಮುಕಿದೊಡನೆ ಬುರುಡೆ ತನ್ನ ಕೆಲಸ ತಾನು ಮಾಡಿತು. ನನ್ನ ಕುಂಡೆಯನ್ನು ಭದ್ರವಾಗಿ ತೇಲಿಸಿ, ತಲೆಯನ್ನು ಒಳಗೆ ಬಿಟ್ಟಿತು. ಮೇಲಿದ್ದವರಿಗೆ ಎರಡು ಕಾಲು ಗಾಳಿಯಲ್ಲಿ ಕುಣಿಯುವುದಷ್ಟೇ ಕಂಡು, ಹುಡುಗ ಏನೋ ಹೊಸ ಆಟ ಆಡುತ್ತಿದ್ದಾನೆಂದು ಚಪ್ಪಾಳೆ ಹೊಡೆದರಂತೆ. ಆ ಚಪ್ಪಾಳೆ ನನಗೆ ನೀರೊಳಗೆ ಕೇಳಿತ್ತು. ಮಲ್ಲಣ್ಣ ಕಾಲು ಹಿಡಿದು ಎಳೆದು ತೆಗೆದ ಮೇಲೆ ನಾನು ಬಾವಿಯ ದಂಡೆಯಲ್ಲಿ ಕೂತು ಎಲ್ಲರ ಚಡ್ಡಿ ಕಾಯುವ ಕೆಲಸಕ್ಕೆ ಸೇರಿಕೊಂಡೆ. ಮುಂದೆ ಎಲ್ಲೋ ಕಲಿತಿರಬೇಕೆಂದು ಅಣ್ಣ ತಮ್ಮಂದಿರು ಅದನ್ನು ಮರೆತೇಬಿಟ್ಟರು. ಇವತ್ತಿಗೂ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಮೊದಲು ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತೇನೆ.

ಚಡ್ಡಿ ಕಾಯುತ್ತ ನೋಡಿದ್ದು ವ್ಯರ್ಥವಾಗಲಿಲ್ಲ. ಹೇಗೆ ಕೈ ಬೀಸಬೇಕು, ಯಾವಾಗ ಉಸಿರು ಬಿಡಬೇಕು ಎಂಬ ಶಾಸ್ತ್ರವೆಲ್ಲ ಬಾಯಿಪಾಠವಾಗಿತ್ತು. ಮದುವೆಯಾದ ಮೇಲೆ ಪ್ರತಿ ಸಂಕ್ರಾಂತಿಗೆ ಹೊಳೆಆಲೂರಿಗೆ ಹೋಗಿ, ಎಳ್ಳು ಹಚ್ಚಿಕೊಂಡು, ಎಲ್ಲರೂ ಹೊಳೆಗಿಳಿದಾಗ ನನಗೆ ಸರಿಯಾಗಿ ನೆಗಡಿ ಬರುತ್ತಿತ್ತು. ಒಂದು ವರ್ಷ ಕಾಲಿಗೆ ಮುಳ್ಳು ನೆಟ್ಟಿತ್ತು. ಒಂದು ವರ್ಷ ಗಾಯವಿಲ್ಲದ ಬೆರಳಿಗೆ ಗಜೇಂದ್ರಗಡದಿಂದಲೇ ಬಟ್ಟೆ ಸುತ್ತಿಕೊಂಡು ಹೋಗಿದ್ದೆ. ಮೊಳಕಾಲು ನೀರಿನಲ್ಲಿ ನಿಂತು, “ಹಂಗಲ್ಲೋ, ಕಾಲ ಮಡಚಬ್ಯಾಡ” ಎಂದು ಈಸುವವರನ್ನು ತಿದ್ದುತ್ತಿದ್ದೆ. ಗಿರಿಜಾಳ ತಮ್ಮ ತನ್ನ ಗೆಳೆಯರಿಗೆ ನಮ್ಮ ಮಾಮಾ ಬಾವಿ ಈಸಿದ ಮನುಷ್ಯ ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

ಇದು ಇಲ್ಲಿಗೇ ಮುಗಿದಿದ್ದರೆ ನಗುತ್ತ ಹೇಳಿ ಮುಗಿಸಬಹುದಿತ್ತು. ಡಾಕ್ಟರ ಸಹಿ ಆದ ಮಾರನೆಯ ದಿನ ವೀಣಾ ವಿಡಿಯೋ ಕಾಲ್ ಮಾಡಿದಳು. ಸಮುದ್ರದಲ್ಲಿ ಒಬ್ಬೊಬ್ಬರೇ ಇಳಿಯುವಂತಿಲ್ಲ, ಜೋಡಿ ಇರಬೇಕು ಎಂದು ವಿವರಿಸಿದಳು.

“ಒಬ್ಬರ ಗಾಳಿ ಮುಗೀತಂದ್ರ ಇನ್ನೊಬ್ಬರು ತಮ್ಮ ಸಿಲಿಂಡರಿನ ಎರಡನೇ ನಳಿಗಿ ಕೊಡಬೇಕು ಮಾಮಾ. ಗಾಬರಿ ಆದ್ರ ಹಿಡಕೊಂಡ ಮ್ಯಾಲ ತರಬೇಕು. ಅತ್ತಿ ಜೋಡಿ ನೀವು, ನಿಮ್ಮ ಜೋಡಿ ಅತ್ತಿ. ನಾ ಬ್ಯಾರೆ ಜೋಡಿ ಕೂಡ ಇರ್ತೇನಿ.”

ಗಿರಿಜಾ ನನ್ನ ಕಡೆ ತಿರುಗಿಯೂ ನೋಡದೆ, ಫೋನಿನ ಕಡೆಗೇ ನಕ್ಕು ಹೇಳಿದಳು: “ನಿಮ್ಮ ಮಾಮಾ ಕೂಡ ಇದ್ರ ನನಗೇನ ಹೆದರಿಕಿ ಇಲ್ಲವಾ.”

ಈ ಮಾತನ್ನು ನಾನು ಆಕೆಯ ಬಾಯಲ್ಲಿ ಹಿಂದೊಮ್ಮೆ ಕೇಳಿದ್ದೆ.

ನಮ್ಮ ಮಗಳು ಸುಮಾ ಆಗ ನಾಲ್ಕು ವರ್ಷದವಳು. ತವರಿಗೆ ಹೋಗಿದ್ದಾಗ ಮೇಲೆ ಆಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಬಂತು. ಬೆಳಗಾಗುವುದರೊಳಗೆ ಓಣಿಯಲ್ಲಿ ಎದೆಮಟ್ಟ ನೀರು. ಹರಿಗೋಲಿನಲ್ಲಿ ಏಳೆಂಟು ಜನರನ್ನು ಕೂಡಿಸಿಕೊಂಡು ಎತ್ತರದ ಸ್ಟೇಷನ್ ರಸ್ತೆಗೆ ಮುಟ್ಟಿಸುತ್ತಿದ್ದರು. ಆಯಿ ಮನೆ ಬಿಟ್ಟು ಬರಲು ಒಲ್ಲೆ ಎಂದು ಮಾಳಿಗೆಯ ಮೇಲೆ ಕೂತುಬಿಟ್ಟಿದ್ದರು. ಅವರನ್ನು ಒಪ್ಪಿಸಿ ಎರಡನೆಯ ಸಲಕ್ಕೆ ಬರುತ್ತೇನೆಂದು ಗಿರಿಜಾ ಹಿಂದೆ ಉಳಿದಳು. ಕೂಸನ್ನು ತನ್ನ ಸೊಂಟದಿಂದ ಬಿಡಿಸಿ ಹರಿಗೋಲಿನಲ್ಲಿ ಕೂತ ನನ್ನ ತೊಡೆಯ ಮೇಲೆ ಇಟ್ಟು ಅದೇ ಮಾತು ಹೇಳಿದಳು. “ನೀವ ಹಿಡಕೊಂಡ್ರ ನನಗ ಹೆದರಿಕಿ ಇಲ್ಲ.”

ನನ್ನ ಮಗ್ಗುಲಲ್ಲೇ ಆಕೆಯ ತಮ್ಮ ಕೂತಿದ್ದ. ತುಂಬಿದ ಹೊಳೆಯಲ್ಲಿ ಆಚೆ ದಂಡೆ ಮುಟ್ಟಿ ಬರುವವನು. ‘ಕೂಸನ್ನ ನೀ ಹಿಡಿ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ನಾನು ಹೇಳಲಿಲ್ಲ. ಓಣಿ ಮುಗಿದು ನೀರಿನ ಸೆಳೆತ ಶುರುವಾಗುವಲ್ಲಿ ಹರಿಗೋಲು ಒಂದು ಕಡೆ ವಾಲಿ ಗರ್ರನೆ ತಿರುಗಿತು. ನೀರು ಒಳಗೆ ಬಂತು. ಕೂಸು ಚೀರಿತು. ಮಗುಚಿದರೆ ನಾನಂತೂ ಹೋದೆ, ನನ್ನ ಕೈಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಇದೂ ಹೋಗುತ್ತದೆ ಎಂದು ಸ್ಪಷ್ಟವಾಗಿ ಗೊತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಹರಿಗೋಲು ನೆಟ್ಟಗಾಯಿತು, ಎಲ್ಲರೂ ದಡ ಮುಟ್ಟಿದೆವು, ಗಿರಿಜಾ ಆಯಿಯ ಜೊತೆ ಸುಖವಾಗಿ ಬಂದಳು. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದೇ ಯಾರಿಗೂ ಏನೂ ಗೊತ್ತಾಗಲಿಲ್ಲ. ನಾನು ಮಾತ್ರ ಆಮೇಲೆ ಎಷ್ಟೋ ವರ್ಷ ಮಗಳು ಮಲಗಿದ್ದನ್ನು ನೋಡಿದಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದೆ.

ಈಗ ಮತ್ತೆ ಅದೇ ನಂಬಿಕೆಯ ಮೇಲೆ, ಆಕೆ ತನ್ನ ಉಸಿರನ್ನೇ ನನ್ನ ಕೈಗೆ ಕೊಡಲು ಹೊರಟಿದ್ದಳು. ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿ ಮನೆಗೆ ಬಂದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಚಪ್ಪಲಿ ಬಿಡುವಾಗಲೇ ಹೇಳಿದೆ. ಕೂತರೆ ಧೈರ್ಯ ಹೋಗುತ್ತಿತ್ತು.

“ನನಗ ಈಸಾಕ ಬರಂಗಿಲ್ಲ.”

“ರೂಢಿ ತಪ್ಪಿರತೈತಿ. ಎರಡ ದಿನ ನೀರಾಗ ಇಳದ್ರ ಬರತೈತಿ ತಗೋರಿ.”

“ರೂಢಿ ತಪ್ಪಿಲ್ಲ. ಎಂದೂ ಬಂದಿಲ್ಲ. ಆಯಿ ಮುಂದ ಸುಳ್ಳ ಹೇಳಿದ್ನಿ.”

ರೊಟ್ಟಿಯ ಸಪ್ಪಳ ನಿಂತಿತು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಉಬ್ಬಿ, ಕಪ್ಪಾಗಿ, ಹೊಗೆಯಾಡತೊಡಗಿತು. ನಗುತ್ತಾಳೆಂದು ನನಗೆ ಒಳಗೊಳಗೆ ಒಂದು ಆಸೆ ಇತ್ತು. ಆಕೆ ನಗಲಿಲ್ಲ. ಲೆಕ್ಕ ಹಾಕುವವರ ಹಾಗೆ ಗೋಡೆ ನೋಡುತ್ತ ಕೂತಳು.

“ಅವತ್ತ ಹರಗೋಲದಾಗ?” ಎಂದಳು ಕಡೆಗೆ.

“ಅವತ್ತೂ ಬರತಿದ್ದಿಲ್ಲ.”

“ಮಗ್ಗಲದಾಗ ನನ್ನ ತಮ್ಮ ಇದ್ದನಲ್ರಿ.”

ಆಕೆ ಎದ್ದು ಹಂಚು ಕೆಳಗಿಳಿಸಿ, ಕೈ ತೊಳೆದುಕೊಂಡು, ದೇವರ ಕೋಣೆಯ ಹೊಸ್ತಿಲ ಮೇಲೆ ಹೋಗಿ ಕೂತಳು. ಆ ದಿನ ನಾನು ಸುಟ್ಟ ರೊಟ್ಟಿಯನ್ನೇ ತಿಂದೆ, ಮತ್ತು ಅದು ರುಚಿಯಾಗಿಯೇ ಇತ್ತೆಂದು ಹೇಳುವ ಮೂರ್ಖತನವನ್ನೂ ಮಾಡಿದೆ.

ಮೂರು ದಿನ ಮನೆಯಲ್ಲಿ ಊಟಕ್ಕೆ ಬರ್ರಿ, ನಳಾ ಬಂದೈತಿ ಎಂಬ ಎರಡೇ ಮಾತು. ಜಗಳವಾಡಿದ್ದರೆ ನನಗೂ ಉಸಿರಾಡಲು ಜಾಗ ಸಿಗುತ್ತಿತ್ತು. ಸುಮಾ ಈಗ ನರಗುಂದದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಳೆ. ಆಕೆಗೆ ಫೋನು ಹೋಯಿತು. ಕೂಸಿದ್ದಾಗಿನದು ಆಕೆಗೆ ಏನೂ ನೆನಪಿಲ್ಲ; ಕೇಳಿ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಫೋನು ನನ್ನ ಕೈಗೆ ಬಂದಾಗ ಸಣ್ಣ ದನಿಯಲ್ಲಿ, “ಅಪ್ಪಾ, ನಿಮಗ ಅವ್ವನಕಿಂತಾ ಆ ಸುಳ್ಳ ಭಾಳ ಬೇಕಾಗಿತ್ತೇನು?” ಎಂದು ಕೇಳಿದಳು. ಬ್ಯಾಂಕಿನವರು ಪ್ರಶ್ನೆಯನ್ನು ಸರಿಯಾದ ಜಾಗದಲ್ಲೇ ಕೇಳುತ್ತಾರೆ.

ನಾಲ್ಕನೆಯ ದಿನ ಗಿರಿಜಾ ನನ್ನ ಅರ್ಜಿಯನ್ನು ತಂದು ಗಾದಿಯ ಮೇಲೆ ಇಟ್ಟಳು. ತಾನು ಬರೆದಿದ್ದ ಹೌದನ್ನು ತಾನೇ ಗೀಚಿ ಹಾಕಿದ್ದಳು.

“ನೀವ ಬರೀರಿ,” ಎಂದಳು.

ನಾನು ಇಲ್ಲ ಎಂದು ಬರೆದೆ. ಸಹಿ ಮಾಡಿದೆ. ಎರಡು ಅಕ್ಷರ ಬರೆಯಲು ಅಷ್ಟು ಹೊತ್ತು ಬೇಕಾದದ್ದು ಅದೇ ಮೊದಲು.

“ವೀಣಾಗ ಹೇಳೇನಿ. ನಾ ಆಕೀ ಕೂಡ ಇಳೀತೇನಿ. ನೀವು ಬೋಟಿನ್ಯಾಗ ಕುಂದರ್ರಿ,” ಎಂದಳು. ಎರಡು ಹೆಜ್ಜೆ ಹೋಗಿ ಮತ್ತೆ ನಿಂತಳು. “ಐತವಾರ ಲಕ್ಕಲಕಟ್ಟಿಗೆ ಹೋಗೂಣು. ಬಾವ್ಯಾಗ ನೀರ ಅದಾವಂತ.”

ಹೀಗಾಗಿ ಕಳೆದ ಭಾನುವಾರ ಬೆಳಿಗ್ಗೆ ನಾನು ಮತ್ತೆ ಅದೇ ಬಾವಿಯ ಮೆಟ್ಟಿಲ ಮೇಲೆ ನಿಂತೆ. ಮೇಲೆ ಮಲ್ಲಣ್ಣನ ಹೆಂಡತಿ ಗಂಡಸರಾರೂ ಇತ್ತ ಬಾರದಂತೆ ಕಾವಲು ಕೂತಿದ್ದಳು. ಗಿರಿಜಾ ಸುಮಾಳ ಹಳೆಯ ಚೂಡಿದಾರ ಹಾಕಿಕೊಂಡು, ಜಡೆಯನ್ನು ಗಂಟು ಹಾಕಿ, ಒಂದೊಂದೇ ಮೆಟ್ಟಿಲು ಇಳಿದಳು. ನೀರು ಸೊಂಟಕ್ಕೆ ಬಂದಾಗ ಕಣ್ಣು ಮುಚ್ಚಿ ನಿಂತಳು. ಆಮೇಲೆ ಸಪ್ಪಳವಿಲ್ಲದೆ ಒಳಗೆ ಹೋದಳು.

ನಾನು ಎಣಿಸುತ್ತಿದ್ದೆ. ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಎಣಿಕೆ ತಪ್ಪಿತು. ಹೆಸರು ಹಿಡಿದು ಕೂಗಿದೆ; ಬಾವಿ ನನ್ನ ದನಿಯನ್ನೇ ತಿರುಗಿ ಕೊಟ್ಟಿತು. ಮೇಲೆ ಹೋಗಿ ಯಾರನ್ನಾದರೂ ಕರೆಯಲೋ, ಇಲ್ಲೇ ಇರಲೋ ತಿಳಿಯದೆ, ಏನು ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ ಎರಡು ಮೆಟ್ಟಿಲು ಇಳಿದು ಎದೆಮಟ್ಟ ನೀರಿನಲ್ಲಿ ನಿಂತುಬಿಟ್ಟಿದ್ದೆ. ಬಾವಿಯ ಆಚೆ ಗೋಡೆಯ ಹತ್ತಿರ ಆಕೆಯ ತಲೆ ಎದ್ದಿತು. ಮುಖದ ಮೇಲಿನ ನೀರು ಒರೆಸಿಕೊಂಡಳು. ನಲವತ್ತೊಂಬತ್ತು ವರ್ಷದ ನನ್ನ ಹೆಂಡತಿಯ ಮುಖವನ್ನು ನಾನು ಅಷ್ಟು ಸಂತೋಷದಲ್ಲಿ ಎಂದೂ ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ನೀರಿನಲ್ಲಿ ನಿಂತದ್ದರಿಂದ ಅದೊಂದು ಅನುಕೂಲವಾಯಿತು.

ಆಕೆ ಈಸಿಕೊಂಡು ನನ್ನ ಹತ್ತಿರ ಬಂದಳು. ನಾನು ನಿಂತ ಜಾಗವನ್ನು ನೋಡಿದಳು.

“ಮಕ್ಕೊಂಡಂಗ ಮಾಡ್ರಿ. ಹೊಟ್ಟಿ ಕೆಳಗ ಕೈ ಕೊಟ್ಟೇನಿ.”

ಮಲಗಿದೆ. ಮಲಗಿದೆ ಎಂದರೆ ಕಾಲು ಮೆಟ್ಟಿಲು ಬಿಟ್ಟವು, ಅಷ್ಟೇ. ಎರಡೂ ಕೈಯಿಂದ ಆಕೆಯ ಇನ್ನೊಂದು ತೋಳನ್ನು ಅವಚಿ ಹಿಡಿದಿದ್ದೆ. ಕಿವಿಯಲ್ಲಿ ನೀರು ಗುಂಯ್ ಎಂದಿತು. ಒಂದು ಬಳೆ ಟಕ್ಕೆಂದು ಒಡೆಯಿತು. ಆಕೆಯ ತೋಳಿನಲ್ಲಿ ನನ್ನ ಬೆರಳು ಇಳಿದು ಚರ್ಮ ಬೆಳ್ಳಗಾಗಿದ್ದು ಕಾಣುತ್ತಿತ್ತು. ಬಿಡಬೇಕೆಂದು ಗೊತ್ತಿದ್ದರೂ ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ.

ಗಿರಿಜಾ ತನ್ನ ತೋಳನ್ನು ನೋಡಿಕೊಂಡಳು.

“ಅವತ್ತ ಸುಮಾನ್ನೂ ಹಿಂಗ ಹಿಡದಿದ್ರೇನು?”

“ಹೂಂ.”

“ಹಂಗಾರ ನೀವು ಆಕಿನ್ನ ಬಿಡತಿದ್ದಿಲ್ಲ. ಅಷ್ಟಂತೂ ಖರೇ.”

ಹೊಟ್ಟೆಯ ಕೆಳಗಿನ ಆಕೆಯ ಅಂಗೈ ಇದ್ದಲ್ಲೇ ಇತ್ತು.

“ಈಗ ನನ್ನ ಕೈ ಬಿಡ್ರಿ,” ಎಂದಳು.

ಬಿಟ್ಟೆ.